ಬ್ರೇಕ್ ಸರಿ ಇತ್ತಂತೆ

“ಮೆಷಿನ್ನೂ ಸುಳ್ಳು ಹೇಳ್ತದೇನೋ, ಬೋಳಿಮಗನೆ?” ಇನ್ಸ್‌ಪೆಕ್ಟರ್ ಜಯಪ್ಪ ಬೆಂಗಳೂರಿನಿಂದ ಬಂದ ವರದಿಯನ್ನು ಸುರುಳಿ ಸುತ್ತಿ ಭೂತಪ್ಪನ ಮೂತಿಗೆ ಬಾರಿಸಿದ.

ಭೂತಪ್ಪ ಭದ್ರಾವತಿಯ ಖಾಸಗಿ ಫೌಂಡ್ರಿಯೊಂದರಲ್ಲಿ ಕ್ರೇನ್ ಓಡಿಸುವ ಗುತ್ತಿಗೆ ಕೂಲಿ. ಹೋದ ತಿಂಗಳು ಅವನ ಕ್ರೇನಿನಿಂದ ಕರಗಿದ ಕಬ್ಬಿಣ ತುಂಬಿದ ದೊಡ್ಡ ತೊಟ್ಟಿ, ಲ್ಯಾಡಲ್, ಜಾರಿ ಕೆಳಗಿದ್ದ ಯೋಗರಾಜನ ಮೇಲೆ ಬಿದ್ದಿತ್ತು. ಹೆಣವೆಂದು ಕೊಡಲು ಹೆಚ್ಚೇನೂ ಉಳಿದಿರಲಿಲ್ಲ. ಇಬ್ಬರೂ ಹೊಳೆಹೊನ್ನೂರಿನವರು, ಒಂದೇ ವಠಾರ, ಒಂದೇ ಶಿಫ್ಟು.

“ಬ್ರೇಕ್ ಹಿಡೀತಿಲ್ಲ ಅಂತ ಬೆಳಿಗ್ಗೇನೇ ಹೇಳಿದ್ದೆ ಸಾರ್. ‘ಮುಚ್ಕೊಂಡು ಎತ್ತಲೇ, ಕಬ್ಣ ತಣ್ಣಗಾಗ್ತದೆ’ ಅಂದ್ರು ಎಂಜಿನಿಯರ್ ಸಾಹೇಬ್ರು.”

ಎಂಜಿನಿಯರ್ ವಿಜಯಕುಮಾರ್ ತಮಗೆ ಯಾರೂ ಏನೂ ಹೇಳಿಲ್ಲವೆಂದಿದ್ದರು. ಹಾಗಾಗಿ ಇಬ್ಬರನ್ನೂ ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸಿದ್ದರು. ವಿಜಯಕುಮಾರ್ ಬೆಂಗಳೂರಿಗೆ ತಮ್ಮ ಕಾರಿನಲ್ಲಿ ಹೋದರು. ಭೂತಪ್ಪನನ್ನು ಲಾಕಪ್ಪಿನಲ್ಲಿ ನಿದ್ದೆಗೆಡಿಸಿ, ಬೇಡಿ ಹಾಕಿ, ಜೀಪಿನಲ್ಲಿ ಒಯ್ದರು.

ಎದೆಗೆ ಪಟ್ಟಿ, ತೋಳಿಗೆ ಪಟ್ಟಿ, ಬೆರಳಿಗೆ ವೈರು. “ಯೋಗರಾಜ್ ಸತ್ತಿದ್ದು ನಿನ್ನಿಂದಲೇ?” ಎಂದು ಕೇಳಿದರು. “ಅಲ್ಲ” ಅಂದ. ಆದರೆ ಆ ಹೆಸರು ಕಿವಿಗೆ ಬಿದ್ದೊಡನೆ ಅವತ್ತಿನ ಕೂಗು ಕೇಳಿಸಿ ಮೈಯೆಲ್ಲ ಬೆವೆತುಹೋಯಿತು. ಬ್ರೇಕಿನ ಬಗ್ಗೆ ಕೇಳುವಾಗಲೂ ಎದೆಬಡಿತ ಹತೋಟಿಗೆ ಬರಲಿಲ್ಲ. ಯಂತ್ರದ ಕಾಗದದ ಮೇಲೆ ವಿಜಯಕುಮಾರರ ಗೆರೆ ಮಾತ್ರ ಏರುಪೇರಿಲ್ಲದೆ ಓಡಿತಂತೆ.

ಶಿವಮೊಗ್ಗದ ಪೇಪರಿನವರು ‘ಯಂತ್ರಕ್ಕೆ ಸಿಕ್ಕಿಬಿದ್ದ ಕ್ರೇನ್ ಚಾಲಕ’ ಎಂದು ಬರೆದರು. ಅದನ್ನು ಯಾರಿಂದಲೋ ಓದಿಸಿ ಕೇಳಿದ ಯೋಗರಾಜನ ಹೆಂಡತಿ ಉಚ್ಚಂಗಮ್ಮ ಸ್ಟೇಷನ್ನಿಗೆ ಬಂದು ಲಾಕಪ್ಪಿನ ಕಂಬಿ ಹಿಡಿದು ನಿಂತಳು.

“ಅಣ್ಣಾ, ನಿಜ ಹೇಳು. ಬ್ರೇಕ್ ಕೆಟ್ಟಿದ್ದು ಅವ್ರಿಗೆ ಹೇಳಿದ್ಯಾ ಇಲ್ವಾ?”

“ಹೇಳಿದ್ದೆ ಕಣವ್ವ.”

“ಮತ್ತೆ ಮೆಷಿನ್ನು?”

“ಬ್ರೇಕ್ ಕೆಟ್ಟೈತೆ ಅಂತ ಗೊತ್ತಿದ್ದೂ ಎತ್ತಿದ್ನಲ್ಲ, ಕೆಳಗೆ ಅವ್ನಿದ್ದ. ಅದಕ್ಕೆ ಎದೆ ಹಾರ್ತದೆ. ಅದು ಆ ಮೆಷಿನ್ನಿಗೆ ಹೆಂಗ್ ತಿಳೀಬೇಕು?”

ಅವಳು ಕಂಬಿ ಬಿಟ್ಟು ಹೊರಟುಹೋದಳು.

ಮಹಜರಿನ ದಿನ ಶಿವಮೊಗ್ಗದಿಂದ ಅಧಿಕಾರಿಗಳು ಬಂದರು. ಉಚ್ಚಂಗಮ್ಮನನ್ನು ಕರೆಸಿದ್ದರು, ಭೂತಪ್ಪನನ್ನು ಬೇಡಿಗೆ ಹಗ್ಗ ಕಟ್ಟಿ ಕರೆತಂದಿದ್ದರು. ಫೌಂಡ್ರಿಯಲ್ಲಿ ಅದೇ ಕ್ರೇನು, ಹೊಸ ಚಾಲಕ. ಖಾಲಿ ಲ್ಯಾಡಲನ್ನು ಮೇಲೆತ್ತಿ ನಿಲ್ಲಿಸಿ ವಿಜಯಕುಮಾರ್, “ನೋಡಿ, ಬ್ರೇಕ್ ಅವತ್ತೂ ಸರಿ ಇತ್ತು, ಇವತ್ತೂ ಸರಿ ಇದೆ” ಎಂದರು. ದನಿ ಒಂದಿಷ್ಟೂ ನಡುಗಲಿಲ್ಲ.

ಜಯಪ್ಪ ಉಚ್ಚಂಗಮ್ಮನ ಮುಂದೆ ಕಾಗದ ಹಿಡಿದ. “ಡ್ರೈವರ್‌ದೇ ತಪ್ಪು ಅಂತ ಬರ್ದಿದೀವಿ. ಹೆಬ್ಬೆಟ್ಟು ಒತ್ತಮ್ಮ. ಕ್ಯಾಂಟೀನಲ್ಲಿ ಕೆಲ್ಸ ಕೊಡ್ತಾರೆ.”

ಅವಳು ಕಾಗದ ಮುಟ್ಟಲಿಲ್ಲ. ನೇರ ನಡೆದು, ಸುಟ್ಟು ಕರಕಲಾಗಿದ್ದ ನೆಲದ ಮೇಲೆ, ಲ್ಯಾಡಲಿನ ಅಡಿಯಲ್ಲೇ ಹೋಗಿ ನಿಂತಳು.

“ಬ್ರೇಕ್ ಸರಿ ಐತಲ್ಲ. ಬಾ ಸಾಮಿ, ನನ್ ಪಕ್ಕ ನಿಂತ್ಕೊ.”

“ಏಯ್! ಆ ಕಡೆ ಸರೀರೀ!” ವಿಜಯಕುಮಾರ್ ಕಿರುಚಿದರು.

“ಯಾಕೋ? ಸರಿ ಐತೆ ಅಂದ್ಯಲ್ಲೋ!”

ಕೆಲಸಗಾರರೆಲ್ಲ ಕೈಯಲ್ಲಿದ್ದುದನ್ನು ಕೆಳಗಿಟ್ಟರು. ಬೇಡಿ ಹಾಕಿದ್ದ ಭೂತಪ್ಪ ಹೆಜ್ಜೆ ಹಾಕಿದ. ಹಗ್ಗ ಹಿಡಿದಿದ್ದ ಪೇದೆ ಮೇಲೆ ತೂಗುತ್ತಿದ್ದ ಲ್ಯಾಡಲ್ ನೋಡಿದವನೇ ಹಗ್ಗ ಬಿಟ್ಟುಬಿಟ್ಟ. ಭೂತಪ್ಪ ಹೋಗಿ ಅವಳ ಪಕ್ಕ ನಿಂತ.

“ಬಾರೋ!” ಎಂದಳು ಉಚ್ಚಂಗಮ್ಮ ಮತ್ತೆ.

ವಿಜಯಕುಮಾರ್ ಹಿಂದೆ ಸರಿದರು. ಮೇಲೆ ಸರಪಳಿ ಕಿರುಗುಟ್ಟಿ, ಲ್ಯಾಡಲ್ ಒಂದು ಗೇಣು ಕೆಳಗೆ ಜಾರಿ ನಿಂತಿತು. ಅಡಿಯಲ್ಲಿದ್ದ ಇಬ್ಬರೂ ಕದಲಲಿಲ್ಲ.