ಹತ್ತಕ್ಕೆ ಮೂರು

"ಈ ಪದ ಬೇಡ," ಎಂದು ಸೋದರಮಾವ ಶ್ರದ್ಧಾಂಜಲಿ ಭಾಷಣದ ಹಾಳೆಯಲ್ಲಿ ಕೆಂಪು ಪೆನ್ನಿನಿಂದ 'ಕಾಮಿಕ್ಸ್' ಎಂಬುದರ ಮೇಲೆ ಅಡ್ಡಗೆರೆ ಎಳೆದರು. ಹೆಡ್‌ಮಾಸ್ಟರಿಕೆಯಿಂದ ನಿವೃತ್ತರಾಗಿ ಹದಿನಾಲ್ಕು ವರ್ಷವಾಗಿದ್ದರೂ ಕೆಂಪು ಪೆನ್ನು ಅವರ ಜೇಬು ಬಿಟ್ಟಿರಲಿಲ್ಲ. "ಸಾಹಿತ್ಯಾಸಕ್ತೆ ಅಂತ ಹಾಕಿದೀನಿ. ಗೌರವವಾಗಿರುತ್ತೆ."

"ಮಾವ, ಅಮ್ಮ ಒಂದು ಕಾದಂಬರಿ ಕೈಯಲ್ಲಿ ಹಿಡಿದಿದ್ದು ನಾನು ನೋಡೇ ಇಲ್ಲ."

"ನಾನೂ ನೋಡಿಲ್ಲ. ಅದನ್ನ ಊರಿಗೆಲ್ಲ ಡಂಗುರ ಹೊಡೀಬೇಕಾ?"

ವಿದ್ಯುತ್ ಚಿತಾಗಾರದ ಪಕ್ಕದ ಸಣ್ಣ ಹಾಲ್. ಅಮ್ಮ ಮುಂದುಗಡೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಹಾಲ್ ಸಿಕ್ಕಿದ್ದು ನಲವತ್ತು ನಿಮಿಷಕ್ಕೆ. ಮುಂದಿನ ಸರದಿಯವರು ಆಗಲೇ ಹೊರಗೆ ನಿಂತಿದ್ದರು. ತಂಗಿಯ ಮರ್ಯಾದೆಗೆಂದು ಮಾವ ಹೊಸ ಕರಿ ಶೂ ಹಾಕಿಕೊಂಡು ಬಂದಿದ್ದರು. ಅದು ಕಚ್ಚುತ್ತಿದೆ ಎಂದು ಗೇಟಿನಿಂದಲೂ ಗೊಣಗುತ್ತಿದ್ದರು.

ಮಗಳು ಸಿಟಿ ಬಸ್ಸಿನ ಡ್ರೈವರು. ಎಂಥ ಟ್ರಾಫಿಕ್ಕಿನಲ್ಲೂ ಅಲುಗದ ಕೈ ಇವತ್ತು ಬ್ಯಾಗಿನೊಳಗಿನ ಒಂದು ಹಾಳೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿತ್ತು. ಅಮ್ಮ ಆಸ್ಪತ್ರೆಯಲ್ಲಿ ಬರೆದ ಕೊನೆಯ ಕಾಮಿಕ್ಸ್ ವಿಮರ್ಶೆ ಅದು. ಅದನ್ನೇ ಇಲ್ಲಿ ಓದಬೇಕು ಎಂದು ಅವಳಿಗೆ ಆಸೆ. ತಾವು ಬರೆದ ಭಾಷಣ ಓದಬೇಕು ಎಂದು ಮಾವನ ಹಟ.

ಬಾಗಿಲಲ್ಲಿ ಒಬ್ಬ ಬಡಕಲು ಮನುಷ್ಯ ಅವಳನ್ನು ತಡೆದ. ಉಗುರುಗಳ ಸಂದಿಯಲ್ಲೆಲ್ಲ ಕರಿ ಮಸಿ.

"ನಾನು 'ಮಿಂಚುಗೈ' ಕಾಮಿಕ್ಸಿಗೆ ಚಿತ್ರ ಬರೆಯೋನು. ಇಪ್ಪತ್ತಾರು ವರ್ಷದಿಂದ."

ಅವಳಿಗೆ ಗೊತ್ತಾಯಿತು. "ಅಮ್ಮ ನಿಮಗೆ ಯಾವಾಗ್ಲೂ..."

"ಮೂರು. ಒಂದೇ ಒಂದ್ಸಲ ನಾಲ್ಕು. ಮುಂದಿನ ವಾರಾನೇ ತಿದ್ದುಪಡಿ ಹಾಕಿದ್ರು. 'ಕಳೆದ ವಾರ ನಾಲ್ಕು ಎಂದು ತಪ್ಪಾಗಿ ಬಿದ್ದಿದೆ, ದಯವಿಟ್ಟು ಮೂರು ಎಂದು ಓದಿಕೊಳ್ಳಿ.'" ಚಿತ್ರಕಾರ ಉಗುರಿನ ಮಸಿ ಕೆರೆದುಕೊಂಡ. "ನಾವೆಲ್ಲ ಅವರನ್ನ ಮೂರು ಮಾರ್ಕಿನಮ್ಮ ಅಂತಿದ್ವಿ. ನನ್ನ ಪುಸ್ತಕಾನ ಪ್ರಕಾಶಕರು ನಿಲ್ಲಿಸ್ಬಿಟ್ರಮ್ಮ. ಕೊನೇ ಸಂಚಿಕೆ ಹೋದ ವಾರ ಬಂತು. ಅವರು ಅದನ್ನ ಓದಿದ್ರಾ? ಎಷ್ಟು ಕೊಟ್ರು?"

"ಓದಿದ್ದಾರೆ," ಎಂದಷ್ಟೇ ಹೇಳಿದಳು.

*

ದಂತವೈದ್ಯರ ಕ್ಲಿನಿಕ್ಕಿನಲ್ಲಿ ಅಮ್ಮನ ಕೆಲಸ ಹೆಸರು ಬರೆದುಕೊಂಡು ಸರದಿ ಕೂಗುವುದು. ಕಾಯುವ ಕೋಣೆಯಲ್ಲಿ ಮಕ್ಕಳಿಗೆಂದು ಡಾಕ್ಟರು ಒಂದಷ್ಟು ಕಾಮಿಕ್ಸ್ ಹಾಕಿದ್ದರು. ಕೆಲವನ್ನು ಮಕ್ಕಳು ಹೆಸರು ಕೂಗಿದ ಕೂಡಲೇ ಬಿಸಾಕಿ ಏಳುತ್ತಿದ್ದವು. ಕೆಲವನ್ನು ಮಾತ್ರ ಹಲ್ಲು ಕೀಳುವ ಕುರ್ಚಿಗೂ ಅವಚಿಕೊಂಡು ಹೋಗುತ್ತಿದ್ದವು. ಯಾಕಿರಬಹುದು ಎಂದು ಆಕೆ ಓದತೊಡಗಿದಳು. ಆ 'ಯಾಕೆ'ಯೇ ಆಕೆಯ ಜೀವಮಾನವನ್ನು ತಿಂದಿತು, ಅಥವಾ ಆಕೆಗೊಂದು ಜೀವಮಾನ ಕೊಟ್ಟಿತು ಎನ್ನಿ.

ಒಂದೊಂದು ಸಂಚಿಕೆಯನ್ನೂ ಮೂರು ಸಲ ಓದುತ್ತಿದ್ದಳು. ಮೊದಲ ಸಲ ಮಕ್ಕಳ ಹಾಗೆ ಗಬಗಬನೆ. ಎರಡನೆಯ ಸಲ ಪೆನ್ಸಿಲ್ ಹಿಡಿದು, ತಪ್ಪು ಹುಡುಕುತ್ತ. ಮೂರನೆಯ ಸಲ ಕ್ಲಿನಿಕ್ಕಿನ ಒಂದು ಚೀಟಿಯಿಂದ ಮಾತಿನ ಗುಳ್ಳೆಗಳನ್ನೆಲ್ಲ ಮುಚ್ಚಿ, ಬರಿಯ ಚಿತ್ರ. ಮಾತು ಮುಚ್ಚಿದ ಮೇಲೂ ಕತೆ ನಡೆಯುತ್ತಿರಬೇಕು. ನಿಂತುಹೋದರೆ ಮೂರು ಮಾರ್ಕು.

ಒಂದು ಪತ್ರಿಕೆ ಬುಧವಾರ ಅರ್ಧ ಕಾಲಂ ಕೊಟ್ಟಿತು. ಹನ್ನೊಂದು ವರ್ಷ ನಡೆಯಿತು. ಒಂದು ದಿನ ಸಂಪಾದಕರು ಕರೆದರು.

"ಆ ಪ್ರಕಾಶಕರು ನಮಗೆ ಜಾಹೀರಾತು ಕೊಡೋರಮ್ಮ. ಮೂರು ಇರೋದನ್ನ ಏಳು ಮಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಓದೋದು ಮಕ್ಕಳು ತಾನೇ?"

"ಅದಕ್ಕೇ ಸಾರ್. ದೊಡ್ಡೋರಿಗಾದ್ರೆ ಸುಳ್ಳು ಹೇಳಿಸ್ಕೊಂಡು ಅಭ್ಯಾಸ ಇರುತ್ತೆ."

ಕಾಲಂ ನಿಂತಿತು. ಮುಂದಿನ ಬುಧವಾರ ಆಕೆ ಕೈಬರಹದ ಹಾಳೆಯನ್ನು ಕಾಮಿಕ್ಸ್ ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿದಳು. ಅಂಗಡಿಯಾಕೆ ಓಡಿ ಬಂದಳು.

"ಅಲ್ಲಮ್ಮಾ, ನನ್ನ ಬಾಗಿಲಿಗೇ 'ಇದನ್ನು ಕೊಳ್ಳಬೇಡಿ' ಅಂತ ಅಂಟಿಸ್ತೀರಲ್ಲ! ನನ್ನ ಹೊಟ್ಟೆ ಮೇಲೆ ಹೊಡೀತೀರಾ?"

"ಒಳ್ಳೇದು ಬಂದಾಗ ಕೊಳ್ಳಿ ಅಂತಾನೂ ನಾನೇ ಅಂಟಿಸ್ತೀನಿ. ಆಗ ಎಷ್ಟು ಜನ ಬರ್ತಾರೆ ನೋಡಿ."

ಬಂದರು. ಇಪ್ಪತ್ತು ವರ್ಷ ಆ ಬಾಗಿಲು ಒಂದು ಬುಧವಾರವೂ ಖಾಲಿ ಇರಲಿಲ್ಲ. ಅಣ್ಣ ಮಾತ್ರ ಆ ಬೀದಿಗೆ ಕಾಲಿಡಲಿಲ್ಲ. ಶಾಲೆಯಲ್ಲಿ ಮಕ್ಕಳ ಚೀಲದಿಂದ ಅವರು ಕಿತ್ತಿಡುತ್ತಿದ್ದ ಪುಸ್ತಕಗಳಿಗೇ ತಂಗಿ ಮಾರ್ಕು ಹಾಕುತ್ತಿದ್ದಳಲ್ಲ, ಅದು ಅವರಿಗೆ ನುಂಗಲಾರದ ತುತ್ತಾಗಿತ್ತು.

*

"ಎಲ್ಲಿ, ಕೊಡು ಆ ಹಾಳೆ," ಎಂದು ಮಾವ ಕೈ ಚಾಚಿದರು. ಓದುತ್ತ ಓದುತ್ತ ಕಣ್ಣು ಕೆಳಗಿನ ಸಾಲಿಗೆ ಬಂದು ನಿಂತಿತು. "ಮೂರಾ? ಸಾಯೋ ಹೊತ್ತಲ್ಲೂ ಮೂರಾ?"

"ಮೆತ್ತಗೆ ಮಾವ. ಚಿತ್ರ ಬರೆದೋರು ಹಿಂದೇನೇ ಕೂತಿದಾರೆ."

ಮಾವ ತಿರುಗಿ ನೋಡಿ ದನಿ ತಗ್ಗಿಸಿದರು. "ಪಾಪ, ಕೆಲಸ ಕಳ್ಕೊಂಡು ಬಂದಿದಾನೆ. ಗಾಯದ ಮೇಲೆ ಬರೆ ಎಳೀಬೇಡ. ಓದಲೇಬೇಕು ಅಂದ್ರೆ ಎಂಟು ಅಂತ ಓದು. ಯಾರಿಗೆ ಗೊತ್ತಾಗುತ್ತೆ?"

ಅಂಗಡಿಯಾಕೆ ಪಕ್ಕದಲ್ಲೇ ಇದ್ದಳು. ಅವಳ ಕೈಯಲ್ಲಿ ಅಂಟು ಟೇಪಿನ ಸುರುಳಿ ಇತ್ತು. "ನಂಗೆ ಗೊತ್ತಾಗುತ್ತೆ," ಎಂದಳು. "ಇವತ್ತು ಬುಧವಾರ. ಓದಿ ಮುಗಿಸಿ ಆ ಹಾಳೆ ನನಗೆ ಕೊಡಮ್ಮ. ಬಾಗಿಲು ಖಾಲಿ ಇದೆ."

ಮಗಳು ಹಾಳೆಯನ್ನು ಮಾವನ ಕೈಯಿಂದ ವಾಪಸ್ ತೆಗೆದುಕೊಂಡು ನಿಂತಳು. ಎಂಟು ಎಂದು ಓದಿದರೆ ಒಬ್ಬ ಮನುಷ್ಯ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಅದು ಅವಳಿಗೂ ಬೇಕಿತ್ತು.

*

ಆಸ್ಪತ್ರೆಯಲ್ಲಿ ಡ್ರಿಪ್ ಚುಚ್ಚಿದ ಕೈಯಿಂದಲೇ ಅಮ್ಮ ಚೀಟಿ ಹಿಡಿದು ಮಾತಿನ ಗುಳ್ಳೆಗಳನ್ನು ಮುಚ್ಚುತ್ತಿದ್ದಳು. ಒಂದು ಪುಟ ಮುಗಿಸಿ ಕಣ್ಣು ಮುಚ್ಚುವುದು, ಸುಧಾರಿಸಿಕೊಂಡು ಮತ್ತೆ ತೆರೆಯುವುದು.

"ಕೊನೇ ಸಂಚಿಕೆ ಅಂತೆ ಅಮ್ಮ. ಒಂದೈದಾದ್ರೂ ಕೊಡು."

"ನಂದೂ ಕೊನೇ ಸಂಚಿಕೇನೇ. ಡಾಕ್ಟ್ರು ನನಗೇನಾದ್ರೂ ಎರಡು ದಿನ ಸೇರಿಸಿ ಕೊಟ್ರಾ?" ಅಮ್ಮ ಪುಟ ತಿರುವಿದಳು. "ಅವನಿಗೆ ಕೈ ಇದೆ ಕಣೇ. ಕಣ್ಣು ಬಿಟ್ಟು ನೋಡಲ್ಲ, ಅಷ್ಟೇ. ಕೈಲಾಗದವನ ಪುಸ್ತಕ ಆಗಿದ್ರೆ ಇಪ್ಪತ್ತಾರು ವರ್ಷ ನಾನು ಮೂರು ಮೂರು ಸಲ ಓದ್ತಿದ್ನಾ?"

*

ಮಗಳು ಮುಂದೆ ಹೋಗಿ ಅಮ್ಮನ ತಲೆದೆಸೆಯಲ್ಲಿ ನಿಂತಳು. ಮಾವ ಸೋತವರಂತೆ ಮೊದಲ ಸಾಲಿನ ಕುರ್ಚಿಯಲ್ಲಿ ಕುಸಿದು, ಮೆಲ್ಲಗೆ ಬಲಗಾಲಿನ ಹಿಮ್ಮಡಿಯನ್ನು ಶೂವಿನಿಂದ ಹೊರಗೆ ಎಳೆದುಕೊಂಡರು.

"ನಮ್ಮಮ್ಮ ಕಾಮಿಕ್ಸ್ ಓದ್ತಿದ್ರು," ಎಂದಳು ಮಗಳು, ಹಾಲ್‌ನ ಕೊನೆಗೂ ಕೇಳುವಂತೆ. "ಓದಿ ಮಾರ್ಕು ಕೊಡ್ತಿದ್ರು. ಇದು ಕೊನೇದು." ಆಮೇಲೆ ಹಾಳೆ ಬಿಡಿಸಿದಳು.

"ಮಿಂಚುಗೈ, ಕೊನೆಯ ಸಂಚಿಕೆ. ನಾಯಕ ಸಾಯುತ್ತಾನೆ. ಸಾಯಲಿ, ಎಲ್ಲರೂ ಸಾಯುತ್ತಾರೆ. ಗೋಪುರದಿಂದ ಬೀಳುವ ಎರಡು ಪುಟ ಚೆನ್ನಾಗಿದೆ. ಬಲಗೈಯ ಗವಸು ನಡುವೆ ಎಡಗೈಗೆ ಬಂದಿದೆ. ಇಪ್ಪತ್ತಾರು ವರ್ಷದಿಂದ ಬರುತ್ತಿದೆ, ಇರಲಿ. ಆದರೆ ಶವಸಂಸ್ಕಾರದ ಪುಟ ಸುಳ್ಳು. ಮೂವತ್ತು ಜನ ನಿಂತಿದ್ದಾರೆ, ಮೂವತ್ತು ಮುಖಕ್ಕೂ ಒಂದೇ ಅಳು. ಒಬ್ಬರೂ ಗಡಿಯಾರ ನೋಡುತ್ತಿಲ್ಲ. ಒಬ್ಬರಿಗೂ ಆಕಳಿಕೆ ಬಂದಿಲ್ಲ. ಒಬ್ಬರ ಶೂವೂ ಕಚ್ಚುತ್ತಿಲ್ಲ. ಇದನ್ನು ಬರೆದವರು ಸಾವಿನ ಮನೆಗೆ ಹೋಗಿದ್ದರೂ ತಲೆ ತಗ್ಗಿಸಿಕೊಂಡೇ ನಿಂತು ಬಂದಿರಬೇಕು. ಮುಂದಿನ ಸಲ ತಲೆ ಎತ್ತಿ ನೋಡಲಿ."

ಅವಳು ಉಸಿರೆಳೆದುಕೊಂಡಳು. ಕೊನೆಯ ಸಾಲು ಉಳಿದಿತ್ತು.

"ಹತ್ತಕ್ಕೆ ಮೂರು."

ಗಡಿಯಾರ ನೋಡುತ್ತಿದ್ದವರು ತಟ್ಟನೆ ಕಣ್ಣು ಕೆಳಗಿಳಿಸಿದರು. ಮಾವ ಗಡಿಬಿಡಿಯಿಂದ ಹಿಮ್ಮಡಿಯನ್ನು ಶೂವಿನೊಳಗೆ ತುರುಕತೊಡಗಿದರು. ಹಿಂದಿನಿಂದ ಯಾರೋ ಜೋರಾಗಿ ನಕ್ಕರು. ನಕ್ಕವನು ಚಿತ್ರಕಾರ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ ಅವನು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ.

"ಸಾರ್, ಕಾಲು ಒಳಗೆ ಹಾಕ್ಬೇಡಿ. ಆಗ ಹೇಗಿತ್ತೋ ಹಾಗೇ ಇಡಿ." ಜೇಬಿನಿಂದ ಪೆನ್ಸಿಲ್ ತೆಗೆದ. "ಒಂದು ಕಾಗದ ಇದ್ರೆ ಕೊಡ್ತೀರಾ?"

"ನಿನ್ನ ಪುಸ್ತಕ ನಿಂತೋಯ್ತಲ್ಲಪ್ಪ. ಆ ಪುಟ ಅಚ್ಚೂ ಆಗಿದೆ," ಎಂದರು ಮಾವ.

"ಆಗಿರ್ಲಿ. ತಪ್ಪಾಗಿದೆ, ಇನ್ನೊಂದ್ಸಲ ಬರೀತೀನಿ."

ಮಾವ ಅವನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಭಾಷಣದ ಹಾಳೆಯನ್ನು ತಿರುಗಿಸಿ, ಖಾಲಿ ಮಗ್ಗುಲು ಮೇಲೆ ಮಾಡಿ ಕೊಟ್ಟರು. ಅವನು ನೆಲದ ಮೇಲೆ ಕೂತು, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡ.

ಬಾಗಿಲು ತೆರೆದು ಚಿತಾಗಾರದ ನೌಕರ ತಲೆ ಹಾಕಿದ. "ಟೈಮಾಯ್ತು ಸಾರ್."

"ತಡಿಯಪ್ಪ," ಎಂದರು ಮಾವ, ಇಡೀ ಶಾಲೆಯನ್ನು ಸುಮ್ಮನಾಗಿಸುತ್ತಿದ್ದ ಹಳೆಯ ದನಿಯಲ್ಲಿ. "ಇವರು ಇನ್ನೂ ಬರೀತಿದಾರೆ." ಮತ್ತೆ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಹಿಮ್ಮಡಿಗಳನ್ನು ಶೂವಿನಿಂದ ಹೊರಗೆ ತೆಗೆದಿಟ್ಟರು. ಎಡಗಾಲಿನ ಸಾಕ್ಸಿನಲ್ಲಿ ನಾಣ್ಯದಗಲ ತೂತಿತ್ತು.