ಕ್ಲೆಮ್ ಡ್ವಾಯರನಿಗೆ ಆರು ಹೆಗಲು

ಶವಪೆಟ್ಟಿಗೆ ಸಾಗಿಸುವ ಚಕ್ರದ ಗಾಡಿಯನ್ನು ಕೇಶವ ಒಂದೇ ಒದೆತಕ್ಕೆ ಗೋಡೆಗೆ ಕಳಿಸಿದ.

"ಇದರ ಮೇಲೆ ನಮ್ಮ ಕೋಚ್‌ನ ತಳ್ಕೊಂಡು ಹೋಗಲ್ಲ. ಹೆಗಲ ಮೇಲೆ ಹೊರ್ತೀವಿ."

ಫ್ಯೂನರಲ್ ಹೋಮಿನ ಕಪ್ಪು ಸೂಟಿನವ ಬೆಚ್ಚಲೂ ಇಲ್ಲ. ಆರು ಜನ ಇದ್ದರೆ ಹೊರಿ, ಒಬ್ಬ ಕಮ್ಮಿಯಾದರೂ ಗಾಡಿಯೇ ಎಂದ. ಹೊರಗೆ ಹಿಮವೂ ಮಂಜೂ ಕಲೆತು, ಸ್ಮಶಾನದ ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ತಿಳಿಯುತ್ತಿರಲಿಲ್ಲ. ಟೀಮಿನಿಂದ ಬಂದವರು ಕೇಶವನೂ ಸೇರಿ ಸರಿಯಾಗಿ ಆರು. ಉಳಿದವರನ್ನು 2009ರ ಆ ದರಿದ್ರ ಚಳಿಗಾಲ ಕೆಲಸ ಹುಡುಕಲು ಊರೂರಿಗೆ ಚೆಲ್ಲಿತ್ತು.

ಶಾರದ ಮಗ ಕೇಶವನ ತೋಳು ಹಿಡಿದಳು. "ನೀನು ಹೆಗಲು ಕೊಡೋ ಹಾಗಿಲ್ಲ. ಅಪ್ಪ ಅಮ್ಮ ಬದುಕಿರೋರು ಹೊರಬಾರದು ಕಣೋ."

"ಅಮ್ಮಾ, ಇದು ಚಿಕಾಗೋ!"

"ಚಿಕಾಗೋದಲ್ಲಿ ನಾನು ನಿನ್ನ ಅಮ್ಮ ಅಲ್ವಾ?"

*

ಕಾಲೇಜು ಬಿಟ್ಟ ವರ್ಷ ಕೇಶವ ಕೋಚ್ ಕ್ಲೆಮ್‌ನನ್ನು ಚಿಕಾಗೋ ಹೊರವಲಯದ ಹಾಫ್‌ಮನ್ ಎಸ್ಟೇಟ್ಸಿನ ಪಾರ್ಕಿನಲ್ಲಿ ಕಂಡದ್ದು. ಎಂಬತ್ತರ ಹತ್ತಿರದ ಮುದುಕ, ಮೊಟ್ಟೆಯಾಕಾರದ ಕೆಂಪು ಚೆಂಡನ್ನು ಮಂಜಿನೊಳಕ್ಕೆ ಒದೆಯುತ್ತಿದ್ದ. ಚೆಂಡು ಮಾಯವಾಗಿ, ಎಷ್ಟೋ ಹೊತ್ತಿಗೆ ಬೇರೆ ಲೋಕದಲ್ಲಿ ಬಿದ್ದಂತೆ ಸದ್ದು.

ಐವತ್ತರ ದಶಕದಲ್ಲಿ ಮೆಲ್ಬರ್ನಿನ ಕ್ಲಬ್ಬೊಂದಕ್ಕೆ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡಿದವನು ಕ್ಲೆಮ್. ಆಟ ಬಿಡುವವನನ್ನು ಜೊತೆಯವರು ಹೆಗಲೇರಿಸಿಕೊಂಡು ಮೈದಾನದಾಚೆ ತರುವುದು ಅಲ್ಲಿನ ಪದ್ಧತಿ. ಆದರೆ ಅವನ ಮೊಣಕಾಲು ಮುರಿದ ಪಂದ್ಯವೇ ಕೊನೆಯದೆಂದು ಯಾರಿಗೂ ಗೊತ್ತಿರಲಿಲ್ಲ. ಕುಂಟುತ್ತಾ ಒಬ್ಬನೇ ಹೊರಬಂದ. ಆಮೇಲೆ ಕೋಚಾಗಿ ಎಷ್ಟೋ ಜನರಿಗೆ ಹೆಗಲು ಕೊಡಿಸಿದ. ತಂಡ ಸೋಲುತ್ತಲೇ ಇತ್ತು; ಸೀಸನ್ನಿನ ನಡುವೆಯೇ ಕ್ಲಬ್ಬು ಅವನನ್ನು ಕಿತ್ತುಹಾಕಿತು. ಮಗಳ ಹಿಂದೆ ಅಮೆರಿಕಕ್ಕೆ ಬಂದ. ಆ ಪಾರ್ಕಿನಲ್ಲೇ ಕೇಶವನಂಥ ಹುಡುಗರನ್ನು ಸೇರಿಸಿ ಟೀಮು ಕಟ್ಟಿದ.

"ನಾವು ನಿಮ್ಮನ್ನ ಎತ್ಕೊಳ್ಳೋಣ್ವಾ ಕೋಚ್?" ಎಂದು ಕೇಶವ ಒಮ್ಮೆ ಕೇಳಿದ್ದ.

"ಬದುಕಿರುವಾಗ ಬೇಡ. ಕಚಗುಳಿಯಾಗುತ್ತೆ."

*

"ನಾನು ಬರ್ತೀನಿ."

ಹೇಳಿದವನು ಅಪ್ಪ, ಬದರೀನಾಥ. ದೂರದ ಡಿಯರ್‌ಬಾರ್ನಿನ ಕಾರು ಕಂಪನಿಯಲ್ಲಿದ್ದ ಎಂಜಿನಿಯರ್ ಕೆಲಸ ಹೋದಮೇಲೆ ಮನೆಯಲ್ಲಿ ತುಟಿ ಬಿಚ್ಚದೆ ಕೂತಿದ್ದವನು. "ನನ್ನ ಅಪ್ಪ ಅಮ್ಮ ಇಬ್ರೂ ಹೋಗಾಯ್ತು. ನನಗೇನು ಅಡ್ಡಿಯಿಲ್ಲ."

ಕೇಶವನಿಗೆ ಮೈಯೆಲ್ಲ ಉರಿಯಿತು. "ನೀನಾ? ಅವರ ಒಂದು ಮ್ಯಾಚಿಗಾದ್ರೂ ಬಂದಿದೀಯಾ?"

"ಇಲ್ಲ. ಅದಕ್ಕೇ. ಜಾಗ ಬಿಡು."

ಎತ್ತಿದರು. ಉಳಿದವರೆಲ್ಲ ಆರಡಿಯ ಹುಡುಗರು, ಅಪ್ಪ ಗಿಡ್ಡ. ನಾಲ್ಕು ಹೆಜ್ಜೆಗೆ ಪೆಟ್ಟಿಗೆಯ ಮುಂದಿನ ಮೂಲೆ ಅವನತ್ತ ವಾಲಿತು. ಅಪ್ಪನ ಕಾಲು ಹಿಮದಲ್ಲಿ ಹೂತಿತು.

"ಅಂಕಲ್, ಬಿಟ್ಬಿಡಿ! ಬೀಳುತ್ತೆ!" ಹಿಂದೆ ಹೆಗಲು ಕೊಟ್ಟಿದ್ದ ಟೀಮಿನ ಅನುಜ್ ಕೂಗಿದ.

"ಬಿಡಲ್ಲ ಕಣಯ್ಯಾ."

ಕಪ್ಪು ಸೂಟಿನವ ಗಾಡಿ ತರಲು ತಿರುಗಿದ.

ಕೇಶವ ಅಮ್ಮನ ಕಡೆ ನೋಡಿದ. ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಬಗ್ಗಿ, ಅಪ್ಪನ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ, ಹಲ್ಲು ಕಚ್ಚಿ ಎತ್ತಿದ.

ಬದರೀನಾಥನ ಬೂಟುಗಳು ಹಿಮ ಬಿಟ್ಟು ಮೇಲೆದ್ದವು. ಪೆಟ್ಟಿಗೆ ಸಮವಾಯಿತು. ಏಳು ಜನರ ಉಸಿರು ಬೆಳ್ಳಗೆ ಒಂದೇ ಮೋಡವಾಗಿ, ಅದರ ಮೇಲೆ ತೇಲಿಕೊಂಡು ಕ್ಲೆಮ್ ಡ್ವಾಯರ್ ನಿಧಾನಕ್ಕೆ ಆಚೆ ಹೊರಟ.