ಬಾವಿಗೋಡೆಯ ಜರೀಗಿಡ

ನಾನು ಒಂದು ಜರೀಗಿಡ. ಗದಗದ ಕಡೆಯ ಒಂದು ಓಣಿಯ ಬಾವಿಯಲ್ಲಿ, ನೀರಿನಿಂದ ಎರಡು ಮೊಳ ಮೇಲೆ, ಕಲ್ಲುಗಳ ಸಂದಿಯಲ್ಲಿ ಹುಟ್ಟಿದೆ. ನಾನು ಬೀಜದಿಂದ ಬಂದವಳಲ್ಲ. ನನ್ನ ಕುಲದಲ್ಲಿ ಹೂವಿಲ್ಲ, ಕಾಯಿಲ್ಲ. ತಾಯಿಗಿಡದ ಎಲೆಯ ಬೆನ್ನಿನಿಂದ ಕಂದು ಪುಡಿ ಉದುರುತ್ತದೆ. ಅದರ ಒಂದೊಂದು ಕಣವೂ ಒಂದು ಬೀಜಾಣು. ಅಂಥದೊಂದು ಕಣ ಒದ್ದೆ ಕಲ್ಲಿಗೆ ಅಂಟಿ, ಉಗುರಿಗಿಂತ ಚಿಕ್ಕದಾದ ಹಸಿರು ಹಾಳೆಯಾಯಿತು. ಆ ಹಾಳೆಯ ಅಡಿಯಲ್ಲಿ ಗಂಡುಕಣ ಹೆಣ್ಣುಕಣದ ಬಳಿಗೆ ಈಜಿ ಹೋಗಬೇಕು. ಈಜಲು ತೆಳುವಾಗಿಯಾದರೂ ನೀರು ಬೇಕು. ಅಂದು ನೀರಿತ್ತು. ಹಾಗಾಗಿ ನಾನಿದ್ದೇನೆ.

ನನ್ನ ತಲೆಯ ಮೇಲಿನ ಸಂದಿಗೆ ಒಂದು ದಿನ ಹಕ್ಕಿಯ ಹಿಕ್ಕೆ ಬಿತ್ತು. ಅದರೊಳಗೆ ಅರಳಿಯ ಬೀಜವಿತ್ತು. ಬೀಜಕ್ಕೆ ಗಟ್ಟಿ ಸಿಪ್ಪೆ ಇರುತ್ತದೆ, ಒಳಗೆ ಬುತ್ತಿ ಇರುತ್ತದೆ. ಬೇಸಿಗೆಯಲ್ಲಿ ನಾನು ಸುರುಟಿ ಒಣಗಿದೆ. ಬೀಜ ಸುಮ್ಮನೆ ಕಾದು ಕುಳಿತಿತ್ತು. ಮಳೆ ಬಿದ್ದ ಮೇಲೆ ಮೊದಲು ಬೇರು ಬಿಟ್ಟಿತು, ಆಮೇಲೆ ಎಲೆ.

ನನ್ನ ಬೇರು ಕೂದಲಿನಷ್ಟು. ಕಲ್ಲನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಅರಳಿಯ ಬೇರು ಕಲ್ಲಿನ ಹಿಂದೆ ಹೋಯಿತು. ವರ್ಷ ವರ್ಷವೂ ದಪ್ಪವಾಯಿತು. ನಾನು ಕೂತಿದ್ದ ಕಲ್ಲು ಮುಂದಕ್ಕೆ ಸರಿಯತೊಡಗಿತು. ಯಾರಿಗೂ ಕಾಣದಷ್ಟು. ನನಗೆ ತಿಳಿಯುತ್ತಿತ್ತು.

ಮೇಲಿನಿಂದ ನೋಡುವವರಿಗೆ ಅರಳಿಯ ಹಸಿರು ಎಲೆಗಳು ಮಾತ್ರ ಕಾಣುತ್ತಿದ್ದವು. ಬಾವಿಗೆ ಹೊಂದಿಕೊಂಡಿದ್ದ ಮನೆಯ ಬಸಲಿಂಗಮ್ಮ ಪ್ರತಿ ಸೋಮವಾರ ಬಗ್ಗಿ ಅದಕ್ಕೆ ಅರಿಶಿನದ ನೀರು ಹಾಕುತ್ತಿದ್ದಳು.

ಮಳೆಗಾಲಕ್ಕೆ ಮುಂಚೆ ಹೂಳು ತೆಗೆಯಲು ದ್ಯಾಮಪ್ಪ ಇಳಿಯುತ್ತಿದ್ದ. ಮೇಲೆ ಹಗ್ಗ ಹಿಡಿಯುವವರ ಮುಂದೆ ಅವನ ಹೆಂಡತಿ ಹುಲಿಗೆವ್ವ ಇರುತ್ತಿದ್ದಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಆ ವರ್ಷ ಅವನು ನನ್ನ ಬುಡಕ್ಕೆ ಕೈ ಹಾಕಿದ. ನಾನಿದ್ದ ಸಂದಿಯೊಳಗೆ ಅವನ ಕೈ ಮೊಣಕೈವರೆಗೆ ಹೋಯಿತು.

"ಅಮ್ಮಾರ, ಈ ಅರಳಿ ತಗೀಬೇಕ್ರಿ. ಕಲ್ಲು ಬಿಟ್ಟಾವು."

"ಅರಳಿಗೆ ಕೊಡ್ಲಿ ಹಾಕಿದ್ರ ಯಾರ ಮನಿ ಉದ್ಧಾರ ಆದೀತಪಾ?" ಎಂದಳು ಬಸಲಿಂಗಮ್ಮ. "ಸೋಮವಾರ ಅಯ್ಯನೋರು ಬರ್ತಾರ, ಕೇಳ್ತೀನಿ. ನೀ ಆ ಕೆಳಗಿನ ಕಸ ಕೀಳು. ಹೂವಿಲ್ಲ, ಕಾಯಿಲ್ಲ, ಅದೇನು ಗಿಡ."

"ಕಲ್ಲು ಬಿಟ್ಟಿದ್ರ ಮ್ಯಾಲ ಬಾ," ಎಂದಳು ಹುಲಿಗೆವ್ವ.

"ನಾ ಬಂದ್ರ ನಿಮ್ಮಪ್ಪ ಇಳಿತಾನೇನು?"

"ಇಳೀಲಿ. ಅಂವ ನಿನಗಿಂತ ಹಗುರ ಅದಾನ, ಎಳಿಯಾಕ ಸಲೀಸು."

ಹಗ್ಗ ಹಿಡಿದವರು ನಕ್ಕರು. ದ್ಯಾಮಪ್ಪನೂ ನಕ್ಕ. ನನ್ನನ್ನು ಬಿಡಿಸಿ ಕೆಸರಿನ ಬುಟ್ಟಿಯಲ್ಲಿಟ್ಟು, "ಇದನ್ನ ಚೆಲ್ಲಬ್ಯಾಡ, ಚೊಲೊ ಐತಿ," ಎಂದು ಮೇಲೆ ಕಳಿಸಿದ.

ಹುಲಿಗೆವ್ವ ನನ್ನನ್ನು ಒಡೆದ ಗಡಿಗೆಯಲ್ಲಿ ನೆಟ್ಟು, ತಮ್ಮ ಮನೆಯ ಬಾಗಿಲ ಮುಂದೆ ಕಾಲು ತೊಳೆಯುವ ಕಲ್ಲಿನ ಪಕ್ಕದಲ್ಲಿ ಹೂತಳು. ಎರಡು ದಿನ ಸಂಜೆ ಇಬ್ಬರೂ ಕೆಸರುಗಾಲಲ್ಲಿ ಬಂದರು. ಇಬ್ಬರ ಕಾಲು ತೊಳೆದ ನೀರು ನನ್ನ ಬುಡಕ್ಕೆ ಹರಿಯಿತು. ಹೊಸ ಎಲೆಯೊಂದು ಸುರುಳಿ ಬಿಚ್ಚತೊಡಗಿತು.

"ಸೋಮವಾರ ತನಕ ತಡಿ," ಎಂದಳು ಅವಳು ಎರಡನೆಯ ಸಂಜೆ.

"ಓಣಿಗೆಲ್ಲಾ ನೀರಿಲ್ಲ. ಉಳಿದದ್ದು ನಾಕು ಬುಟ್ಟಿ ಹೂಳು," ಎಂದ ಅವನು.

ಮೂರನೆಯ ದಿನ ಭಾನುವಾರ. ಸಂಜೆ ಬಹಳ ಜನ ಬಂದರು. ಯಾರೂ ಕಾಲು ತೊಳೆಯಲಿಲ್ಲ. ಬಾವಿಯಲ್ಲಿ ನಾನು ಮೊದಲಿದ್ದ ಕಡೆಯ ಗೋಡೆ ಪೂರ್ತಿ ಕುಸಿದಿತ್ತು. ದ್ಯಾಮಪ್ಪ ಅದರ ಕೆಳಗಿದ್ದ. ಹಗ್ಗ ಎಳೆದ ಹುಲಿಗೆವ್ವನ ಅಂಗೈಗಳ ಚರ್ಮ ಹೋಗಿತ್ತು.

ಬಾವಿಯನ್ನು ಮುಚ್ಚಿದರು. ಅರಳಿ ಸಾಯಲಿಲ್ಲ. ತುಂಬಿದ ಮಣ್ಣಿನಲ್ಲೇ ಬೇರೂರಿತು. ಈಗ ಅದಕ್ಕೆ ಕಟ್ಟೆ ಕಟ್ಟಿದ್ದಾರೆ.

ಹೋದ ಸೋಮವಾರ ಬಸಲಿಂಗಮ್ಮ ಬಂದಿದ್ದಳು, ಕೈಯಲ್ಲಿ ಎಲೆ ಮುಚ್ಚಿದ ಬಟ್ಟಲು.

"ಕಟ್ಟಿ ಪೂಜಾ ಆತವಾ. ಪ್ರಸಾದ. ಅರಳಿ ಹೆಂಗ ಚಿಗುರೇತಿ ನೋಡಬೇಕು ನೀ."

"ಅಲ್ಲಿಡ್ರಿ," ಎಂದಳು ಹುಲಿಗೆವ್ವ.

ಬಸಲಿಂಗಮ್ಮ ಇಟ್ಟು ಹೋದಳು. ಬಟ್ಟಲು ಇಟ್ಟಲ್ಲೇ ಇತ್ತು. ಇರುವೆಗಳು ಬಂದವು.

ನನಗೆ ವಯಸ್ಸಾಗಿದೆ. ಎಲೆಗಳ ಬೆನ್ನ ಮೇಲೆ ಕಂದು ಚುಕ್ಕೆಗಳು ಬಲಿತಿವೆ, ಪುಡಿ ಉದುರುತ್ತಿದೆ. ನಮಗೆ ಬುತ್ತಿ ಕಟ್ಟಿಕೊಟ್ಟು ಮಕ್ಕಳನ್ನು ಕಳಿಸುವುದು ಗೊತ್ತಿಲ್ಲ. ಬಿದ್ದ ಜಾಗ ಒದ್ದೆಯಿದ್ದರೆ ಬದುಕುಂಟು. ಸಂಜೆ ಹುಲಿಗೆವ್ವ ಕೂಲಿಯಿಂದ ಬಂದು ಕಾಲು ತೊಳೆಯುತ್ತಾಳೆ. ಒಬ್ಬರ ನೀರು. ಅದು ನನ್ನ ತನಕ ಬರುವ ಮೊದಲೇ ಇಂಗುತ್ತದೆ.